ಎದುರು ನಿಂತವರ ಬಲಗೈ

ದಾರದ ತುಣುಕುಗಳು ಮೇಜಿನ ಮೇಲೆ ತಾವಾಗಿಯೇ ನಡೆಯುತ್ತಿವೆ, ಅಡುಗೆಮನೆಯ ಕಡೆಯಿಂದ ಸಮುದ್ರದ ಕಿಟಕಿಯ ಕಡೆಗೆ, ಒಂದು ನೀಲಿ, ಅದರ ಹಿಂದೆ ಒಂದು ಬಿಳಿ, ಏನೋ ಅವಸರದ ಕೆಲಸವಿದ್ದವರ ಹಾಗೆ, ಬೆಳಿಗ್ಗೆ ಹೀಗಿರಲಿಲ್ಲ, ಬೆಳಿಗ್ಗೆ ಗಾಳಿ ದಂಡೆಯ ರಸ್ತೆ ಹಿಡಿದು ಎಡದಿಂದ ಬಲಕ್ಕೆ ಹೋಗುತ್ತಿತ್ತು, ಈಗ ನನ್ನ ಬೆನ್ನ ಹಿಂದಿನಿಂದ ಬರುತ್ತಿದೆ, ಅಡುಗೆಮನೆಯ ಹಿಂಬಾಗಿಲು ಯಾರಾದರೂ ತೆಗೆದರೋ ಏನೋ, ತೆಗೆಯುವುದಕ್ಕೆ ಯಾರಿದ್ದಾರೆ, ಮನೆಯಲ್ಲಿರುವುದು ನಾನು ಮತ್ತು ಹಿರಿ ಸೊಸೆ, ಹಿರಿ ಸೊಸೆ ಎಂದರೆ ಈ ಬೊಂಬೆ, ಹೊಲಿದದ್ದನ್ನು ತೊಡಿಸಿ ನೋಡುವ ಬೊಂಬೆ, ತಲೆಯಿಲ್ಲ, ಕೈಯಿಲ್ಲ, ಇರುವುದು ಒಂದೇ ಕಾಲು, ಹೆಸರಿಟ್ಟವರು ಅತ್ತೆ — ಇವ್ಳು ನನ್ನ ಹಿರೀ ಸೊಸೆ ಕಣೇ, ಎದುರು ಮಾತಾಡಲ್ಲ, ಸಾರಿಗೆ ಉಪ್ಪು ಜಾಸ್ತಿ ಹಾಕಲ್ಲ, ನಿನ್ನ ಥರ ಅಲ್ಲ — ಅತ್ತೆ ಇದ್ದಿದ್ದರೆ ಬಡಿದುಕೊಳ್ಳುತ್ತಿರುವ ಆ ಬಾಗಿಲಿಗೆ ಈ ಹೊತ್ತಿಗೆ ನಾಲ್ಕು ಬಯ್ಗುಳ ಬಿದ್ದಿರುತ್ತಿದ್ದವು, ಬಾಗಿಲು ಹೆದರಿ ಸುಮ್ಮನಾಗಿರುತ್ತಿತ್ತು. ಅತ್ತೆ ಇಲ್ಲ. ಬೆಳಿಗ್ಗೆಯೇ ಇವರು ಸ್ಕೂಟರಿನಲ್ಲಿ ಕೂರಿಸಿಕೊಂಡು ಸೇತುವೆ ದಾಟಿ, ನದಿಯ ಆಚೆಗೆ ದೂರದಲ್ಲಿರುವ ನಾದಿನಿಯ ಊರಿಗೆ ಬಿಡಲು ಹೋಗಿದ್ದಾರೆ, ಚಂಡಮಾರುತ ಬರುತ್ತಿದೆಯಲ್ಲ, ಇಲ್ಲಿ ಅಪಾಯ, ಅಲ್ಲಾದರೆ ಕ್ಷೇಮ ಎಂದು.

ಹೋಗುವಾಗ ಅತ್ತೆ ಹಳದಿ ಮಳೆಕೋಟು ಹಾಕಿದ್ದರು, ನಾನೇ ಹೊಲಿದದ್ದು, ಇವರ ಕ್ಷೌರದಂಗಡಿಯ ಮುಂದೆ ಬಿಸಿಲಿಗೆಂದು ಕಟ್ಟಿದ್ದ ಟಾರ್ಪಾಲು ಮಿಕ್ಕಿತ್ತು, ಅದರಲ್ಲಿ, ಅತ್ತೆಯನ್ನು ಅಳತೆಗೆ ನಿಲ್ಲಿಸುವುದೆಂದರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ, ಟೇಪು ಹಿಡಿದರೆ ಒಲೆಯ ಮೇಲೆ ಹಾಲು, ತೋಳಿಗೆ ಕೈಹಚ್ಚಿದರೆ ಬಾಗಿಲಲ್ಲಿ ಯಾರೋ ಕರೆದರು, ಬಲಭುಜ ಎಡಭುಜಕ್ಕಿಂತ ಇಳಿದಿದೆಯೆಂದು ನನಗೆ ಗೊತ್ತಾದದ್ದು ಹೊಲಿದು ಮುಗಿಸಿದ ಮೇಲೆ, ಬಲತೋಳು ಉದ್ದವಾಗಿ ಕೈಯನ್ನು ಪೂರ್ತಿ ನುಂಗಿಬಿಟ್ಟಿತ್ತು, ಕೊಡಿ ಅತ್ತೆ, ಮಡಿಸಿ ಹೊಲೀತೀನಿ ಎಂದರೆ, ಇರ್ಲಿ ಬಿಡೇ, ಕೈ ಬೆಚ್ಚಗಿರತ್ತೆ, ಪ್ರತಿ ಮಳೆಗಾಲಕ್ಕೂ ನಾನು ಕೇಳುವುದು, ಅವರು ಇರ್ಲಿ ಬಿಡೇ ಎನ್ನುವುದು, ಬೆಳಿಗ್ಗೆ ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕೂತು, ತೊಡೆಯ ಮೇಲೆ ಚೀಲ ಅವುಚಿಕೊಂಡು, ಎದುರುಗಾಳಿಗೆ ಕಣ್ಣು ಕಿರಿದು ಮಾಡಿ, ಕಿಟಕಿಯ ಎಡಗಡೆಯ ಗಾಜಿನಲ್ಲಿ ರಸ್ತೆ ಮುಗಿಯುವ ತಿರುವಿನ ತನಕ ಬಲಗೈ ಆಡಿಸಿಕೊಂಡೇ ಹೋದರು, ಕೈ ಕಾಣುತ್ತಿರಲಿಲ್ಲ, ಬರೀ ತೋಳು, ಹಳದಿ ತೋಳಿನ ತುದಿ ಪಟಪಟ ಬಡಿಯುತ್ತಿತ್ತು, ನಾನು ಇಲ್ಲಿ ನಿಂತು ನೋಡಿದೆ, ಬಾಯಲ್ಲಿ ಗುಂಡುಪಿನ್ನು, ಹುಷಾರಾಗಿ ಹೋಗಿ ಬನ್ನಿ ಎನ್ನುವುದಕ್ಕೂ ಬಾಯಿ ಬಿಡುವ ಹಾಗಿರಲಿಲ್ಲ.

ಪಿನ್ನು ಬಾಯಲ್ಲಿತ್ತಲ್ಲ, ಅದಕ್ಕೇ ಇವರ ಮಾತಿಗೂ ಹೂಂ ಎಂದುಬಿಟ್ಟೆ, ಬ್ಯಾಟರಿ ರೇಡಿಯೋ ಹೇಳುತ್ತಲೇ ಇತ್ತು, ಹವಾಮಾನದವಳ ಸ್ವರ ಮಗುವಿಗೆ ಪಾಠ ಹೇಳುವ ಹಾಗೆ ನಿಧಾನ, ಚಂಡಮಾರುತ ನದಿ ಸಮುದ್ರ ಸೇರುವ ಜಾಗದಲ್ಲಿ ದಡ ಮುಟ್ಟಲಿದೆ, ಅದರ ಬಲಭಾಗದಲ್ಲಿ ಗಾಳಿಯ ಜೋರು ಹೆಚ್ಚು, ಸಮುದ್ರ ಒಳಕ್ಕೆ ನುಗ್ಗುವ ಭಯವೂ ಆ ಭಾಗಕ್ಕೇ ಹೆಚ್ಚು, ಬಲಭಾಗದ ತಗ್ಗಿನಲ್ಲಿರುವವರು ಎತ್ತರಕ್ಕೆ ಹೋಗಿ, ಇವರು ಅದನ್ನು ಕೇಳಿ ಈ ಕಿಟಕಿಗೆ ಬಂದು ನಿಂತರು, ಸಮುದ್ರಕ್ಕೆ ಮುಖ ಮಾಡಿ ಎರಡೂ ಕೈ ಚಾಚಿದರು, ನೋಡು, ನದಿ ಮಧ್ಯ, ನಾವು ಈ ಕಡೆ, ಬಲಗಡೆ, ತಂಗಿ ಮನೆ ಆ ಕಡೆ, ಎಡಗಡೆ, ಏಟು ಬೀಳೋದು ನಮಗೇ, ಅಮ್ಮನ್ನ ಮೊದ್ಲು ಅಲ್ಲಿ ಬಿಟ್ಟು ಬರ್ತೀನಿ, ಎರಡನೇ ಸಲ ನಿನ್ನ, ಏನಂತೀಯಾ, ಹೂಂ ಎಂದೆ, ಹೋಟೆಲಿನ ಬಾಗಿಲು ಕಾಯುವವನ ನೀಲಿ ಕೋಟಿಗೆ ಕಾಲರು ಕೂರಿಸುತ್ತಿದ್ದೆ, ಕಾಲರಿನ ಮೇಲೇ ಕಣ್ಣಿತ್ತು, ಅತ್ತೆಗೂ ಮಗಳ ಮನೆಗೆ ಹೋಗುವ ಆಸೆ, ಬೇಗಬೇಗ ಚೀಲ ತುಂಬಿಕೊಂಡರು, ನನ್ನ ಹಿರೀ ಸೊಸೇನ ಕಿಟಕಿ ಹತ್ರ ಇಡಬೇಡ, ಗಾಳಿಗೆ ಬಿದ್ದಾಳು ಎಂದು ನನಗೆ ಬುದ್ಧಿ ಹೇಳಿ ಹೊರಟರು.

ಕಿಟಕಿಯ ಹತ್ತಿರವೇ ಇದ್ದಾಳೆ ಹಿರಿ ಸೊಸೆ, ಕರೆಂಟು ಹೋಗಿದೆ, ಬೆಳಕಿರುವುದು ಅಲ್ಲೇ, ಸಮುದ್ರಕ್ಕೆ ಬೆನ್ನು, ನನ್ನ ಕಡೆ ಎದೆ, ಮೈಮೇಲೆ ನೀಲಿ ಕೋಟು, ತೋಳುಗಳಿನ್ನೂ ಇಲ್ಲ, ಈಗ ಬಲತೋಳು ಕೂರಿಸಬೇಕು, ಬಲತೋಳು ಎಂದರೆ ನನ್ನ ಎಡಗಡೆಗೆ, ಇದನ್ನು ಯೋಚಿಸುವ ಅಗತ್ಯವೂ ಈಗ ಇಲ್ಲ, ಕೈಗೇ ಗೊತ್ತು, ಕಲಿಯುವಾಗ ಮಾತ್ರ ಪ್ರಾಣ ತಿಂದಿತ್ತು, ಅಂಗಿಯ ಜೇಬನ್ನು ಬಲಕ್ಕೆ ಹೊಲಿದಿಟ್ಟು ಮಾಸ್ತರರ ಕೈಯಲ್ಲಿ ಉಗಿಸಿಕೊಂಡೆ, ಅವರು ಕತ್ತರಿಯ ಹಿಡಿಕೆಯಿಂದ ಮೇಜು ಕುಟ್ಟಿ ಹೇಳಿದರು, ಎಡ ಬಲ ನಿಂದಲ್ಲಮ್ಮ, ತೊಡೋರ್ದು, ಅವರು ನಿನ್ನ ಎದುರಿಗೆ ನಿಂತಿರ್ತಾರೆ, ಅವರ ಬಲಗೈ ನಿನ್ನ ಎಡಕ್ಕಿರತ್ತೆ, ಅಷ್ಟು ತಲೇಲಿ ಇಟ್ಕೋ, ಇಟ್ಟುಕೊಂಡೆ, ಇಷ್ಟು ವರ್ಷ ಮರೆತಿಲ್ಲ, ತೋಳನ್ನು ಭುಜಕ್ಕೆ ಹಿಡಿದೆ, ಒಂದು ಪಿನ್ನು, ಎರಡನೆಯದು, ರೇಡಿಯೋದವಳು ಮತ್ತೆ ಅದೇ ಮಾತು, ಚಂಡಮಾರುತದ ಬಲಭಾಗ, ಚಂಡಮಾರುತದ ಬಲಭಾಗ, ನಮ್ಮ ಬಲ ಎನ್ನುತ್ತಿಲ್ಲ ಅವಳು, ಅದರ ಬಲ ಎನ್ನುತ್ತಿದ್ದಾಳೆ, ಬೆಳಿಗ್ಗೆಯಿಂದ ಹಾಗೇ ಹೇಳುತ್ತಿದ್ದಾಳೆ, ಅದು ಬರುತ್ತಿರುವುದು ಸಮುದ್ರದಿಂದ, ಬೆನ್ನು ಸಮುದ್ರಕ್ಕೆ, ಮುಖ ನಮ್ಮ ಕಡೆಗೆ, ನನ್ನೆದುರು ನಿಂತ ಇವಳ ಹಾಗೆ, ಇವಳ ಬಲತೋಳು ನನ್ನ ಎಡಕ್ಕೆ ಜೋತು ಬಿದ್ದಿದೆ, ತೋಳಿನ ಹಿಂದೆ ಕಿಟಕಿಯ ಎಡಗಡೆಯ ಗಾಜು, ಗಾಜಿನಲ್ಲಿ ರಸ್ತೆ, ರಸ್ತೆಯಲ್ಲಿ ಬೆಳಿಗ್ಗೆ ಹಳದಿ ತೋಳು ಆಡಿಸುತ್ತ ಹೋದರಲ್ಲ. ಬಾಯಲ್ಲಿದ್ದ ಪಿನ್ನುಗಳನ್ನು ಅಂಗೈಗೆ ಉಗುಳಿದೆ.

ಇರು, ಗಾಬರಿಯಲ್ಲಿ ತಪ್ಪು ಲೆಕ್ಕ ಹಾಕಬೇಡ, ನೋಡು, ದಾರ ನೋಡು, ದಾರ ಮನೆಯ ಹಿಂದಿನಿಂದ ಸಮುದ್ರದ ಕಡೆಗೆ ಹೋಗುತ್ತಿದೆ, ಅಂದರೆ ಇಲ್ಲಿ ಗಾಳಿ ನೆಲದಿಂದ ನೀರಿಗೆ ಬೀಸುತ್ತಿದೆ, ಗಾಳಿ ಸುತ್ತುವುದು ಗಿರಗಿಟ್ಟಲೆಯ ಹಾಗೆ ಎಂದು ರೇಡಿಯೋದವಳೇ ಹೇಳಿದ್ದಳು, ಒಂದು ಕೈ ನೀರನ್ನು ದಡಕ್ಕೆ ತಳ್ಳಿದರೆ ಇನ್ನೊಂದು ಕೈ ದಡದಿಂದ ಆಚೆ ತಳ್ಳುತ್ತದೆ, ನಮ್ಮದು ಆಚೆ ತಳ್ಳುವ ಕೈ, ಎಡಗೈ, ಹಾಗಂತ ನಮಗೇನೂ ಸುಖವಿಲ್ಲ, ಎಡಗೈಯಲ್ಲಿ ಹೊಡೆದರೂ ಹೊಡೆತವೇ, ಪಕ್ಕದ ಮನೆಯ ತಗಡು ಆಗಲೇ ಎದ್ದು ಕುಣಿಯುತ್ತಿದೆ, ಆದರೆ ಸಮುದ್ರ ಮನೆಯೊಳಗೆ ಬರುವುದು ಅಲ್ಲಿ, ನಾದಿನಿಯ ಓಣಿಯಲ್ಲಿ, ಮೀನು ಹರಾಜು ಕಟ್ಟೆಯ ಹಿಂದೆ, ಮುಂದೆ ಔಷಧಿ ಅಂಗಡಿ, ಅಂಗಡಿಯ ಹಿಂದೆ ಮನೆ, ಮಹಡಿಯಿಲ್ಲ, ಹುಣ್ಣಿಮೆಯ ಭರತಕ್ಕೇ ಮೆಟ್ಟಿಲು ಒದ್ದೆಯಾಗುವ ಮನೆ, ಅಲ್ಲಿಗೆ, ಅಲ್ಲಿಗೇ ಕರೆದುಕೊಂಡು ಹೋಗಿ ಬಿಟ್ಟಿದ್ದೇವೆ ಅತ್ತೆಯನ್ನು. ಇವರ ಫೋನಿಗೆ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ, ಸ್ಕೂಟರಿನ ಮೇಲಿದ್ದರೆ ಇವರಿಗೆ ಪಕ್ಕದಲ್ಲಿ ಡೋಲು ಬಾರಿಸಿದರೂ ಕೇಳಿಸದು, ನಾದಿನಿಗೆ ಮಾಡಿದೆ, ಎಲ್ಲ ಮಾರ್ಗಗಳೂ ಕಾರ್ಯನಿರತ, ಮತ್ತೆ ಮಾಡಿದೆ, ಕಾರ್ಯನಿರತ, ಆ ಹುಡುಗಿಯ ಸ್ವರಕ್ಕೆ ಎಂದೂ ಗಾಬರಿಯಾಗುವುದಿಲ್ಲ, ಅತ್ತೆಗೆ ತಮ್ಮದೇ ಫೋನು ಬೇಡ, ಅದು ಕಿವೀಲಿ ಗುಂಯ್ ಅನ್ನತ್ತೆ, ಮತ್ತೆ ಮಾಡಿದೆ, ಅವಸರಕ್ಕೆ ಬೇರೆ ಯಾರಿಗೋ ಹೋಯಿತು, ಗುಂಡಿ ಮಾರುವವನಿಗೆ, ಅವನು ಪಾಪ, ಅಕ್ಕಾ ಹುಷಾರಾಗಿದೀರಾ ಎಂದ.

ಇವರ ತಪ್ಪು ಹೇಗಾಯಿತೆಂದು ನನಗೆ ತಿಳಿಯುತ್ತದೆ, ನನಗಲ್ಲದೆ ಇನ್ನಾರಿಗೆ ತಿಳಿಯಬೇಕು, ಹುಟ್ಟಿದಾಗಿನಿಂದ ಜನರ ಬೆನ್ನ ಹಿಂದೆ ನಿಂತು ಬದುಕಿದ ಮನುಷ್ಯ, ಗಿರಾಕಿ ಕುರ್ಚಿಯಲ್ಲಿ, ಇವರು ಹಿಂದೆ, ಇಬ್ಬರೂ ನೋಡುವುದು ಒಂದೇ ಕಡೆಗೆ, ಕನ್ನಡಿಗೆ, ಬಲಗೆನ್ನೆಯಲ್ಲಿ ಸ್ವಲ್ಪ ಜಾಸ್ತಿ ಬಿಡಿ ಎಂದರೆ ಗಿರಾಕಿಯ ಬಲವೇ ಇವರ ಬಲ, ಕನ್ನಡಿಯೊಳಗಿನವನ ಬಲವೂ ಅದೇ ಪಕ್ಕಕ್ಕೆ, ಎದುರಿಗೆ ನಿಂತವರ ಬಲಗೈ ಯಾವ ಕಡೆಗಿರುತ್ತದೆಂದು ಇವರು ಯಾಕೆ ಯೋಚಿಸಬೇಕು, ಚಂಡಮಾರುತವನ್ನೂ ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತುಬಿಟ್ಟರು, ಯೋಚಿಸಬೇಕಾದವಳು ನಾನು, ದಿನಾ ಎದುರಿಗೆ ನಿಂತು ಕೆಲಸ ಮಾಡುವವಳು, ಹೂಂ ಎಂದೆ, ಕಾಲರು ನೋಡುತ್ತ ಹೂಂ ಎಂದೆ. ಅಷ್ಟರಲ್ಲಿ ಸ್ಕೂಟರಿನ ಸದ್ದು, ಬಾಗಿಲು ನೂಕಿಕೊಂಡು ಒಳಗೆ ಬಂದರು, ಮೈಯಿಂದ ನೀರು ಧಾರಾಕಾರ, ಮುಖದಲ್ಲಿ ಗೆದ್ದವರ ನಗು, ಬಿಟ್ಟು ಬಂದೆ ಕಣೆ, ಅಮ್ಮ ಆರಾಮ, ಹೋದ ತಕ್ಷಣ ತಂಗಿಯ ಅಡುಗೆಮನೇಲಿ ಏನೇನಿಲ್ಲ ಅಂತ ಹುಡುಕೋಕೆ ಶುರು ಮಾಡಿದ್ಲು, ಬರೋವಾಗ ಬೆನ್ನ ಗಾಳಿ, ಗಾಡಿ ತಾನೇ ಓಡ್ತು, ಆದ್ರೆ ನಾನು ದಾಟಿದ ಮೇಲೆ ಸೇತುವೆ ಮುಚ್ಚಿಬಿಟ್ರು, ಪೊಲೀಸಿನವನು ಆ ಕಡೇಲೇ ಇದ್ದುಬಿಡಪ್ಪ, ಇನ್ನು ವಾಪಸ್ ಬರೋಕಾಗಲ್ಲ ಅಂದ, ನೀನು ಇಲ್ಲಿದೀಯಲ್ಲ, ಬಂದೆ, ಎರಡನೇ ಸಲ ನಿನ್ನ ಕರ್ಕೊಂಡು ಹೋಗೋಕೆ ಆಗ್ಲಿಲ್ಲ, ಇಬ್ರೂ ಇಲ್ಲೇ ಇರೋಣ, ಏನಾಗತ್ತೋ ಆಗ್ಲಿ — ತಲೆ ಒರೆಸಿಕೊಳ್ಳುತ್ತ ಹೇಳುತ್ತಿದ್ದಾರೆ, ಅಪಾಯವೆಂದು ತಾವು ನಂಬಿದ ಕಡೆಗೆ, ನಾನಿದ್ದೇನೆಂದು ವಾಪಸ್ ಬಂದಿದ್ದಾರೆ ಈ ಮನುಷ್ಯ, ಹೇಗೆ ಹೇಳಲಿ ಇವರಿಗೆ, ಕೈ ಹಿಡಿದು ಕಿಟಕಿಗೂ ಬೊಂಬೆಗೂ ನಡುವೆ ತಂದು ನಿಲ್ಲಿಸಿದೆ, ಬೊಂಬೆಯ ಬೆನ್ನಿಗೆ, ಇವರ ಬೆನ್ನು ಸಮುದ್ರಕ್ಕೆ, ಇವಳು ನಿಮ್ಮ ಗಿರಾಕಿ ಅಂದ್ಕೊಳ್ಳಿ ಎಂದೆ, ಏನೇ ಇದು, ತಮಾಷೆ ಮಾಡೋ ಹೊತ್ತಾ ಎಂದರು, ಆದರೂ ಕೈಗಳು ಅಭ್ಯಾಸಕ್ಕೆ ಹೋಗಿ ಬೊಂಬೆಯ ಹೆಗಲ ಮೇಲೆ ಕೂತವು, ಇವಳು ಚಂಡಮಾರುತ, ಸಮುದ್ರದಿಂದ ಬರ್ತಿದಾಳೆ, ಈಗ ಬಲಗೈ ಚಾಚಿ. ಚಾಚಿದರು. ಬೆರಳು ಕಿಟಕಿಯ ಚೌಕಟ್ಟಿಗೆ ತಾಗಿತು, ಎಡಗಡೆಯ ಗಾಜಿಗೆ, ರಸ್ತೆಯ ಕಡೆಗೆ, ಆಗತಾನೇ ತಾವು ಬಂದ ರಸ್ತೆ, ಅದನ್ನು ನೋಡಿದರು, ನನ್ನನ್ನು ನೋಡಿದರು, ಅಮ್ಮ ಎಂದರು, ಅಷ್ಟೇ, ಚಾಚಿದ ಕೈ ಇಳಿಸುವುದನ್ನೇ ಮರೆತರು.

ಸೇತುವೆ ಮುಚ್ಚಿದೆ ಎಂದು ತಾವೇ ಹೇಳಿದ್ದನ್ನು ಮರೆತು ಸ್ಕೂಟರಿನ ಕೀಲಿಗೆ ಕೈ ಹಾಕಿದರು, ನೆನಪಾಗಿ ನೆಲದ ಮೇಲೆ ಕೂತರು, ನಾನು ಬಡಿಯುತ್ತಿದ್ದ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಬಂದು ಫೋನು ಒತ್ತುತ್ತಲೇ ಇದ್ದೆ, ಒತ್ತಿದ್ದನ್ನೇ ಒತ್ತಿ, ಒಮ್ಮೆ ಪುಣ್ಯಕ್ಕೆ ತಗುಲಿತು, ನಾದಿನಿ — ಹಲೋ ಅತ್ತಿಗೆ, ಇಲ್ಲಿ ಸಮುದ್ರದ ಕಡೆ ಕಿಟಕಿ ಮುಚ್ಚೋಕೇ ಆಗ್ತಿಲ್ಲ, ನಾನು ತಳ್ಳಿದ್ರೆ ಅದು ತಿರುಗಿ ತಳ್ಳತ್ತೆ — ಅಲ್ಲಿ ಗಾಳಿ ಸಮುದ್ರದಿಂದ, ಸರಿಯಾಯಿತು, ಇನ್ನು ಅನುಮಾನವಿಲ್ಲ, ಮನೆ ಬಿಡಮ್ಮ, ಈಗಲೇ, ಗುಡ್ಡದ ಮೇಲಿನ ಸ್ಕೂಲಿಗೆ ಹೋಗಿ ಎಲ್ಲರೂ, ನಿಮ್ಮ ಕಡೇನೇ ಅದರ ಬಲಗಡೆ, ನಾವು ತಪ್ಪು ತಿಳ್ಕೊಂಡ್ವಿ ಎಂದೆ, ಅವಳು, ಏನಂದ್ರಿ, ವಾರ್ಡಿನವರು ಸ್ಕೂಲಿಗೆ ನಡೀರಿ ಅಂತ ಬಾಗಿಲಿಗೆ ಬಂದಿದ್ರು, ನಾವು ಎಡಗಡೆಯವರು, ನಮಗೇನೂ ಆಗಲ್ಲ ಅಂತ ನಾನೇ ಕಳಿಸಿದೆ, ಅಣ್ಣನೇ ಹೇಳಿದ್ದು, ಈಗ ನೀವು ಹೀಗಂತೀರಿ, ಈ ಮಳೇಲಿ ಅಮ್ಮನ್ನ ಕಟ್ಕೊಂಡು ಗುಡ್ಡ ಹತ್ತಲಾ, ಅಂಗಡಿ ಔಷಧಿ ಎಲ್ಲ ಬಿಟ್ಟು, ಒಂದ್ಸಲ ಹಾಗೆ ಒಂದ್ಸಲ ಹೀಗೆ ಅಂದ್ರೆ ನಾನು ಯಾರ ಮಾತು ಕೇಳ್ಲಿ — ಅವಳದ್ದೂ ತಪ್ಪಿಲ್ಲ, ಹೆದರಿದರೆ ಅವಳಿಗೆ ಮೊದಲು ಬರುವುದು ಜಗಳ — ಕೊಡೇ ಇಲ್ಲಿ ಎಂದು ಹಿಂದಿನಿಂದ ಅತ್ತೆಯ ಸ್ವರ, ಫೋನು ಕೈ ಬದಲಾಯಿಸಿದ ಸದ್ದು, ಏನಂತೆ ನಿಂದು, ಅಡುಗೆಮನೆ ಬಾಗ್ಲು ಹಾಕಿದೀಯಾ, ಹಾಕಿದೀನಿ ಅತ್ತೆ, ಅತ್ತೆ ಕೇಳಿ, ಹಿರೀ ಸೊಸೆ ಸಮುದ್ರದಿಂದ ನಡ್ಕೊಂಡು ಬರ್ತಿದಾಳೆ ಅಂದ್ಕೊಳ್ಳಿ, ಮುಖ ನಮ್ಮ ಕಡೆ, ಹೊಡೆಯೋದು ಬಲಗೈಲಿ, ನಾನು ತೋಳು ಹಚ್ಚೋದು ನೋಡಿದೀರಲ್ಲ, ಅವಳ ಬಲಗೈ ಯಾವ ಕಡೆಗೆ ಹೇಳಿ. ಅತ್ತೆ, ಮೆಲ್ಲಗೆ, ನಮ್ ಕಡೆಗೆ. ಹೌದು ಅತ್ತೆ. ಇವಳ ಹತ್ರ ವಾದ ಮಾಡ್ತಾ ಕೂತ್ರೆ ನೀರು ಮಂಚಕ್ಕೆ ಬರತ್ತೆ, ನಾನು ಹೊರಡ್ತೀನಿ, ಹಿಂದೆ ಬರ್ತಾಳೆ, ಬರದೆ ಎಲ್ಲಿ ಹೋಗ್ತಾಳೆ. ನಿಧಾನ ಅತ್ತೆ. ನನ್ ಮಗ ಬಂದು ಸೇರಿದ್ನಾ? ಸೇರಿದ್ರು, ಇಲ್ಲೇ ಕೂತಿದಾರೆ. ಅವನಿಗೆ ಬಯ್ಯಬೇಡ ಕಣೇ, ಅವನು ನಾನು ಚೆನ್ನಾಗಿರ್ಲಿ ಅಂತಾನೇ ಕರ್ಕೊಂಡು ಬಂದಿದ್ದು. ಬಯ್ಯಲ್ಲ ಅತ್ತೆ. ಮತ್ತೆ ನಾದಿನಿ, ಈಗ ಅಳುತ್ತಿದ್ದಾಳೆ, ಅತ್ತಿಗೆ, ಅಮ್ಮ ಹೊರಟೇಬಿಟ್ಲು, ಬಾಗಿಲು ತೆಗೆದು, ಕೋಟು ಹಾಕ್ಕೊಂಡು, ಓಣೀಲಿ ಆಗ್ಲೇ ಪಾದ ಮುಳುಗೋಷ್ಟು ನೀರು, ಅಮ್ಮಾ ನಿಲ್ಲಮ್ಮ, ತಿರುಗೀನೂ ನೋಡ್ತಿಲ್ಲ, ಬರೀ ಕೈ ಬೀಸಿ ಕರೀತಿದಾಳೆ — ಹೋಗು, ಬೀಗ ಹಾಕ್ಬೇಡ, ಹಿಂದೆ ಓಡು, ಕೈ ಹಿಡ್ಕೋ ಎಂದು ನಾನು ಕೂಗುತ್ತಿದ್ದೇನೆ, ಆ ಕಡೆ ಸದ್ದಿಲ್ಲ, ಗಾಳಿಯ ಸದ್ದೂ ಇಲ್ಲ.

ಏನಂದ್ಲು ಅಮ್ಮ ಎಂದು ಇವರು ಕೇಳಿದರು, ಬಯ್ಯಬೇಡ ಅಂದ್ರು ಎಂದೆ, ಮುಖ ಮುಚ್ಚಿಕೊಂಡರು, ಪಕ್ಕಕ್ಕೆ ಹೋಗಿ ಕೂತೆ, ಒದ್ದೆ ಅಂಗಿಯ ಬೆನ್ನು ಸವರಿದೆ, ಇವರ ಬಲಭುಜವೂ ಇಳಿದಿದೆ, ಅತ್ತೆಯದ್ದರ ಹಾಗೇ, ಇಷ್ಟು ವರ್ಷ ಇವರಿಗೆ ಅಂಗಿ ಹೊಲಿದೂ ಗಮನಿಸಿರಲಿಲ್ಲ, ಹೊರಗೆ ಯಾರೋ ಕೂಗುತ್ತಿದ್ದಾರೆ, ಪಕ್ಕದ ಮನೆಯ ಕೊಳಾಯಿ ರಿಪೇರಿಯವನು, ಸಮುದ್ರ ಹಿಂದಕ್ಕೆ ಹೋಯ್ತು, ಬನ್ನಿ ನೋಡಿ, ಬಚಾವಾದ್ವಿ, ಎದ್ದು ನೋಡಿದೆ, ನಿಜ, ನೀರು ದಡ ಬಿಟ್ಟು ದೂರಕ್ಕೆ ಜಾರಿದೆ, ಎಂದೂ ಕಾಣದ ಕಪ್ಪು ಕೆಸರು ಕಾಣುತ್ತಿದೆ, ದೋಣಿಗಳು ಮಗ್ಗುಲಾಗಿ ಮಲಗಿವೆ, ಅವನು ಖುಷಿಯಿಂದ ಕೂಗುತ್ತಾನೆ, ಕೂಗಲಿ, ಅವನಿಗೇನು ಗೊತ್ತು, ಇಲ್ಲಿಂದ ಹೋದ ನೀರು ಇಲ್ಲವಾಗುತ್ತದೆಯೇ, ಆ ಕಡೆ ನೀರು ಓಣಿಯಲ್ಲಿ ಪಾದ ದಾಟಿ, ಈಗ ಮೊಣಕಾಲೋ ಏನೋ, ಇಲ್ಲ, ಗುಡ್ಡದ ರಸ್ತೆ ಓಣಿಯ ಕೊನೆಯಲ್ಲೇ ಶುರುವಾಗುತ್ತದೆ, ಅತ್ತೆಯ ನಡಿಗೆ ಜೋರು, ಸಂತೆಗೆ ಹೋದರೆ ನಾನೇ ಹಿಂದೆ ಬೀಳುತ್ತೇನೆ, ಅಲ್ಲಿ ಗಾಳಿ ಸಮುದ್ರದ ಕಡೆಯಿಂದ, ಅಂದರೆ ಬೆನ್ನಿಗೆ, ಬೆನ್ನಿಗಿದ್ದರೆ ಹತ್ತುವವರನ್ನು ಮೇಲಕ್ಕೇ ತಳ್ಳುತ್ತದೆ, ತಳ್ಳಲಿ, ಟಾರ್ಪಾಲು ಗಟ್ಟಿ ಬಟ್ಟೆ, ಎರಡು ಹೊಲಿಗೆ ಹಾಕಿದ್ದೇನೆ, ಬಿಚ್ಚುವುದಿಲ್ಲ, ತೋಳು ಮಾತ್ರ ಉದ್ದ, ನಾದಿನಿ ಹಿಡಿದುಕೊಳ್ಳಲು ಹೋದರೆ ಕೈ ಸಿಗಬೇಕಲ್ಲ, ತೋಳಿನ ತುದಿಯಷ್ಟೇ ಸಿಕ್ಕರೆ, ಮಡಿಸಿ ಹೊಲೀತೀನಿ ಕೊಡಿ ಅತ್ತೆ, ಇರ್ಲಿ ಬಿಡೇ, ಅಡುಗೆಮನೆಯ ಬಾಗಿಲು ಚಿಲಕ ಕಿತ್ತು ತೆರೆದುಕೊಂಡಿತು, ಗಾಳಿ ಒಳಗೆ ನುಗ್ಗಿ ಬೊಂಬೆಯ ಬಲತೋಳಿಗೆ ಹೊಕ್ಕಿತು, ಕೈಯಿಲ್ಲದ ತೋಳು ತುಂಬಿಕೊಂಡು ಎದ್ದಿತು, ಎಡಗಡೆಯ ಗಾಜಿಗೆ ಚಾಚಿತು, ಇವರೂ ಅದನ್ನೇ ನೋಡುತ್ತಿದ್ದಾರೆ, ನಾನೂ ಅದನ್ನೇ, ಗಾಜಿನಾಚೆ ರಸ್ತೆ, ಮಳೆ, ಹಳದಿ, ತಿರುವಿನಲ್ಲಿ, ಇಲ್ಲ, ಗುಡ್ಡದ ಏರಿನಲ್ಲಿ, ಹಿಂದೆ ಬರುವವರನ್ನು ಬೀಸಿ ಕರೆಯುತ್ತ ಹಳದಿ ತೋಳು, ಕೈ ಕಾಣುತ್ತಿಲ್ಲ, ಬರೀ ತೋಳು, ಕೈ ಕಾಣುತ್ತಿಲ್ಲ